ಮನೆ ಬಿದ್ದರೂ ಉಗ್ರಾಣ ಉಳಿಯಲಿ

ಇಲ್ಲ, ಅಳಿಸಿದ್ದು ಪ್ರಯೋಗದ್ದೇ ಇರಬೇಕು. ಅಸಲಿಯದಾಗಿದ್ದರೆ ಕೈ ತಾನಾಗಿಯೇ ತಡೆಯುತ್ತಿತ್ತು. ಹನ್ನೊಂದು ವರ್ಷ ಪಳಗಿದ ಕೈ, ಬಿಸಿ ಪಾತ್ರೆ ಮುಟ್ಟಿದ ಹಾಗೆ ಹಿಂದಕ್ಕೆ ಬಂದುಬಿಡುತ್ತಿತ್ತು. ಆದರೆ ಪರದೆ ಅವನನ್ನು ಕೇಳಿತ್ತಲ್ಲ. ಖಚಿತವೇ? ಖಚಿತವಾದರೆ ಅಳಿಸಬೇಕಾದದ್ದರ ಹೆಸರನ್ನು ಈ ಖಾಲಿ ಜಾಗದಲ್ಲಿ ಬರೆಯಿರಿ. ಅವನು ಬರೆದಿದ್ದ. ಒಂದೊಂದೇ ಅಕ್ಷರ ಒತ್ತಿ, ಒತ್ತಿದ್ದನ್ನು ಮತ್ತೊಮ್ಮೆ ಓದಿ, ಪರೀಕ್ಷೆಯಲ್ಲಿ ನೋಂದಣಿ ಸಂಖ್ಯೆ ತುಂಬುವ ವಿದ್ಯಾರ್ಥಿಯಂತೆ ತುಟಿ ಬಿಗಿಹಿಡಿದು ಬರೆದಿದ್ದ. ಬರೆಯುವಾಗ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ ವಾಕ್ಯ: ಚಿಕ್ಕಪ್ಪ ನಮ್ಮೆಲ್ಲರ ದಾರಿದೀಪವಾಗಿದ್ದರು. ಹನ್ನೆರಡು ಗಂಟೆಗೆ ಬೀಳ್ಕೊಡುಗೆ, ಭಾಷಣ ಅವನದು. ಬೆಳಿಗ್ಗೆ ಹೆಂಡತಿ ಕಾಗದ ಕಸಿದುಕೊಂಡು ಓದಿ, "ಇದೇನ್ರೀ, ಪಾಪ ಅವರು ರಿಟೈರ್ ಆಗ್ತಿದಾರೋ, ತೀರ್ಕೊಂಡಿದಾರೋ?" ಎಂದು ನಕ್ಕಿದ್ದಳು. ಆಗಿನಿಂದ ಅವನು ಮನಸ್ಸಿನಲ್ಲೇ ಚಿಕ್ಕಪ್ಪನನ್ನು ಬದುಕಿಸುತ್ತ, 'ಆಗಿದ್ದರು'ಗಳನ್ನೆಲ್ಲ 'ಆಗಿದ್ದಾರೆ' ಮಾಡುತ್ತ ಬಸ್ಸು ಹತ್ತಿದ್ದ, ಮೆಟ್ಟಿಲು ಹತ್ತಿದ್ದ, ಕುರ್ಚಿಯಲ್ಲಿ ಕೂತಿದ್ದ, ನಿನ್ನೆ ಉಳಿದುಹೋದ ಸಣ್ಣ ಕೆಲಸವೊಂದನ್ನು ಮುಗಿಸಿಬಿಡೋಣವೆಂದು ಕಿಟಕಿಯೊಂದನ್ನು ತೆರೆದಿದ್ದ. ಈಗ ಆ ಕಿಟಕಿಯಲ್ಲಿ ಸಾಲುಗಳು ಹರಿಯುತ್ತಿದ್ದವು. ಅಳಿಸಲಾಗುತ್ತಿದೆ. ಅಳಿಸಲಾಗುತ್ತಿದೆ. ಅಳಿಸಲಾಯಿತು. ಅವನು ಕಣ್ಣನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಮೇಲಿನ ಮೂಲೆಗೆ ಒಯ್ದ. ಅಸಲಿ, ಎಂದಿತ್ತು ಅಲ್ಲಿ.

ಅದು ಕೇಳುವ ಗ್ರಂಥಾಲಯ. ಮೂರನೆಯ ಮಹಡಿಯ ಏಳು ಕೋಣೆಗಳಲ್ಲಿ ಹುಡುಕಿದರೂ ಒಂದು ಕಪಾಟು ಪುಸ್ತಕ ಸಿಗುವುದಿಲ್ಲ. ಗಾಜಿನ ಹಿಂದೆ ಕೂತು ಜನ ಓದುತ್ತಾರೆ, ಓದಿದ್ದು ಧ್ವನಿಯಾಗಿ ಉಳಿಯುತ್ತದೆ. ಕಣ್ಣಿಲ್ಲದವರು, ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರು ಫೋನು ಮಾಡಿ ಗುಂಡಿ ಒತ್ತಿದರೆ ನಿನ್ನೆ ನಿಲ್ಲಿಸಿದ ಕಡೆಯಿಂದ ಕತೆ ಮುಂದುವರಿಯುತ್ತದೆ. ಮೂವತ್ತು ವರ್ಷದ ಧ್ವನಿಗಳು. ಓದಿದವರಲ್ಲಿ ಅರ್ಧದಷ್ಟು ಜನ ಈಗ ಇಲ್ಲ. ಈ ಧ್ವನಿಗಳನ್ನು ಇಟ್ಟ ಯಂತ್ರಗಳು ಈ ಕಟ್ಟಡದಲ್ಲಿಲ್ಲ, ಅವನು ಎಂದೂ ನೋಡದ ಯಾವುದೋ ಊರಿನ ಕಿಟಕಿಯಿಲ್ಲದ ದೊಡ್ಡ ಕೊಟ್ಟಿಗೆಯಲ್ಲಿ ಬಾಡಿಗೆಗೆ ಇವೆ. ಅಲ್ಲಿಗೆ ಹೋಗಿ ಯಾರೂ ತಂತಿ ಜೋಡಿಸುವುದಿಲ್ಲ. ಇಲ್ಲಿಂದ ಒಂದು ಅಚ್ಚು ಕಳಿಸಿದರೆ ಸಾಕು. ಅಚ್ಚು ಎಂದರೆ ಒಂಬೈನೂರು ಸಾಲಿನ ಬರಹ: ಒಂದು ಜಾಲವಿರಲಿ, ಅದಕ್ಕೊಂದು ಬಾಗಿಲು, ಬಾಗಿಲಿಗೆ ಕಾವಲು, ಒಳಗೆ ನಾಲ್ಕು ಯಂತ್ರ, ಹಿಂದೆ ಧ್ವನಿಗಳ ಉಗ್ರಾಣ. ಹೇಗೆ ಮಾಡಬೇಕೆಂದು ಅದರಲ್ಲಿ ಹೇಳಿರುವುದಿಲ್ಲ, ಏನಿರಬೇಕೆಂದು ಮಾತ್ರ ಹೇಳಿರುತ್ತದೆ. ಯಾವುದು ಮೊದಲು ಏಳಬೇಕು, ಯಾವುದು ಯಾವುದಕ್ಕೆ ಕಾಯಬೇಕು ಎಂಬುದನ್ನು ಅಲ್ಲಿರುವ, ಮೇಸ್ತ್ರಿ ಎಂದು ಇವರು ಕರೆಯುವ ಯಂತ್ರ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅಚ್ಚಿನಲ್ಲಿ ಕೆಲವು ಖಾಲಿ ಜಾಗಗಳು. 'ಪ್ರಯೋಗ' ಎಂದು ತುಂಬಿದರೆ ಆಟದ ಮನೆಯಷ್ಟು ಚಿಕ್ಕದು ಎದ್ದು ನಿಲ್ಲುತ್ತದೆ, 'ಅಸಲಿ' ಎಂದು ತುಂಬಿದರೆ ಇಡೀ ಗ್ರಂಥಾಲಯ. ಹೀಗೆ ಒಂದು ಅಚ್ಚಿನಿಂದ ಒಟ್ಟಿಗೆ ಎದ್ದದ್ದನ್ನು ಚಿಕ್ಕಪ್ಪ ಸಂಸಾರ ಎನ್ನುತ್ತಿದ್ದರು. ಅವರು ಯಾರ ಚಿಕ್ಕಪ್ಪನೂ ಅಲ್ಲ. ಈ ಅಚ್ಚನ್ನು ಮೊದಲು ಬರೆದವರು, ಅಷ್ಟೇ. "ಸಂಸಾರ ಅಂತ ಯಾಕಂತೀನಿ ಗೊತ್ತಾ? ಒಂದೇ ಮಾತಿಗೆ ಎಲ್ಲಾ ಏಳುತ್ತೆ, ಒಂದೇ ಮಾತಿಗೆ ಎಲ್ಲಾ ಬೀಳುತ್ತೆ. ಅದಕ್ಕೇ ಮಾತಾಡೋ ಮುಂಚೆ ಬಾಯಿ ತೊಳ್ಕೋಬೇಕು."

ಬೀಳುತ್ತಿತ್ತು. ಕಟ್ಟುವಾಗ ಕೊನೆಗೆ ಬಂದದ್ದು ಕೆಡವುವಾಗ ಮೊದಲು ಹೋಗುತ್ತದೆ, ಮದುವೆ ಮನೆಯಿಂದ ನೆಂಟರು ಹೊರಟ ಹಾಗೆ: ಫೋನು ಎತ್ತುವ ಯಂತ್ರ ಹೋಯಿತು, ಪುಟ ನೆನಪಿಡುವ ಯಂತ್ರ ಹೋಯಿತು, ಬಾಗಿಲ ಕಾವಲು ಯಾರಿಗೂ ಹೇಳದೆ ಹೋಯಿತು. ನಿಲ್ಲಿಸುವ ಗುಂಡಿ ಇಲ್ಲ. ಹೆದರಿಕೆಯಾಗಬೇಕಿತ್ತು, ಎದೆ ಧಸಕ್ಕೆನ್ನಬೇಕಿತ್ತು. ಅವನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ; ಒಂದು ಭಾಷಣದಲ್ಲಿ ಮುದುಕನೊಬ್ಬನನ್ನು ಬದುಕಿಸಲು ಹೋಗಿ ಮೂವತ್ತು ವರ್ಷದ ಸತ್ತವರನ್ನೆಲ್ಲ ಇನ್ನೊಮ್ಮೆ ಸಾಯಿಸಿದೆನಲ್ಲ ಎಂದು ನಗು. ಶಾಲೆಯಲ್ಲಿ ಮೌನ ಆಚರಿಸುವಾಗ ಬರುತ್ತಿದ್ದ ಅದೇ ಕೆಟ್ಟ ನಗು. ಆಗ ಮೇಷ್ಟ್ರು ಅವನನ್ನು ಸಾಲಿನಿಂದ ಹೊರಗೆಳೆದು ನಿಲ್ಲಿಸಿದ್ದರು, ಸಾಲು ಪೂರ್ತಿ ಅವನನ್ನೇ ನೋಡಿತ್ತು. ನಗು ತಡೆಯಲು ಉಸಿರು ಕಟ್ಟಿದ. ಉಸಿರು ಬಿಕ್ಕಳಿಕೆಯಾಗಿ ಹೊರಗೆ ಬಂತು. ಸರಿಯಾಗಿ ಆ ಕ್ಷಣಕ್ಕೆ ಪರದೆಯ ಮೇಲೆ ಕೊನೆಯ ಸಾಲು ಕಾಣಿಸಿಕೊಂಡಿತು, ಉಳಿದ ಸಾಲುಗಳ ಹಾಗಿರದ ಸಾಲು. ಉಗ್ರಾಣ: ಅಳಿಸದೆ ಬಿಡಲಾಯಿತು.

ಅದನ್ನು ಅವನು ನಾಲ್ಕು ಸಲ ಓದಿದ, ನಾಲ್ಕು ಸಲ ಬಿಕ್ಕಿದ. ನಾಲ್ಕು ತಿಂಗಳ ಹಿಂದೆ, ಇದೇ ಮೇಜಿನ ಮೇಲೆ, ಚಿಕ್ಕಪ್ಪ ಬರೆದ ಅಚ್ಚನ್ನು ಎಲ್ಲರೆದುರು ತೆರೆದಿಟ್ಟು ಪೆನ್ಸಿಲಿನ ತುದಿಯಿಂದ ಅವನು ತೋರಿಸಿದ್ದ ಸಾಲು ಅದು. ಉಗ್ರಾಣದ ಕೆಳಗೆ, ಅಳಿಸು ಎಂದಾಗಲೂ ಇದನ್ನು ಇಟ್ಟುಕೋ ಎಂಬ ಒಂದೇ ಪದದ ಆಜ್ಞೆ. ಪಕ್ಕದಲ್ಲಿ, ಯಂತ್ರ ಓದದ, ಮನುಷ್ಯರಿಗಾಗಿ ಬರೆದ ಟಿಪ್ಪಣಿ: ಮನೆ ಬಿದ್ದರೂ ಉಗ್ರಾಣ ಉಳಿಯಲಿ. "ಚಿಕ್ಕಪ್ಪಾ, ಇದು ಫೈಲು, ಗೋಡೆಬರಹ ಅಲ್ಲ. ನಿಮ್ಮ ಈ ಸಾಲಿಂದ ಪ್ರಯೋಗ ಅಳಿಸಿದಾಗೆಲ್ಲ ಖಾಲಿ ಉಗ್ರಾಣಗಳು ಅನಾಥವಾಗಿ ಬಿದ್ದಿವೆ, ಗುಡಿಸೋಕೆ ನಾನೇ ಬೇಕು. ಇನ್ನು ಅಸಲೀನ ಯಾರಾದ್ರೂ ಅಳಿಸ್ತಾರಾ? ಅಷ್ಟು ದಡ್ಡರು ಯಾರಿದಾರೆ ಇಲ್ಲಿ?" ಎಲ್ಲರೂ ನಕ್ಕಿದ್ದರು. ಚಿಕ್ಕಪ್ಪನೂ ನಕ್ಕು, ಕನ್ನಡಕ ಒರೆಸಿಕೊಂಡು, "ಆಯ್ತಪ್ಪ, ತೆಗೀತೀನಿ" ಎಂದಿದ್ದರು. ಮರುದಿನ ತಿದ್ದಿದ ಅಚ್ಚು ಅವನ ಒಪ್ಪಿಗೆಗೆ ಬಂತು. ಅವನು ಓದದೆಯೇ ಒಪ್ಪಿದ್ದ. ಗೆದ್ದವನು ಮತ್ತೆ ಯಾಕೆ ಓದುತ್ತಾನೆ. ಅದೇ ವಾರ ನಿರ್ದೇಶಕಿ ಮೇಡಂ ಅವನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಅವರನ್ನ ಇನ್ನೊಂದು ವರ್ಷ ಇಟ್ಕೊಳೋಣ್ವಾ? ಅವರೇನೋ ಅರ್ಜಿ ಕೊಟ್ಟಿದಾರೆ. ನೀವು ಹೇಳಿ" ಎಂದು ಕೇಳಿದ್ದರು. ಕೇಳಿದ ದನಿ ಹಗುರವಾಗಿತ್ತು, ಕಿಟಕಿ ಮುಚ್ಚಲೇ ಎಂದು ಕೇಳಿದ ಹಾಗೆ. ಅವನೂ ಅಷ್ಟೇ ಹಗುರವಾಗಿ ಅಂದ: "ಏನೂ ಬೇಕಾಗಿಲ್ಲ ಮೇಡಂ, ಎಲ್ಲಾ ಅಚ್ಚಿನಲ್ಲಿದೆ."

ಫೋನು ಹೊಡೆದುಕೊಂಡಿತು. ಪಕ್ಕದ ಕೋಣೆಯ ಅಕ್ಕ. ಅಕ್ಕ ಕೇಳುಗರ ಕರೆಗಳನ್ನು ನೋಡಿಕೊಳ್ಳುವವಳು. ಅವಳಿಗೂ ಕಣ್ಣಿಲ್ಲ, ಹೆಜ್ಜೆಯ ಸದ್ದಿನಿಂದ ಯಾರ ಬೂಟಿಗೆ ಹೊಸ ಅಟ್ಟೆ ಹಾಕಿಸಿದೆ ಎಂದು ಹೇಳಬಲ್ಲಳು. ಏನೇ ಕೆಟ್ಟರೂ ಅವಳು ಮೊದಲು ಕರೆಯುತ್ತಿದ್ದದ್ದು ಚಿಕ್ಕಪ್ಪನನ್ನು. ಹನ್ನೊಂದು ವರ್ಷದಲ್ಲಿ ಅವನ ಮೇಜಿಗೆ ಅವಳು ಕರೆ ಮಾಡಿದ್ದು ಎರಡು ಸಲ, ಎರಡೂ ಸಲ ಚಿಕ್ಕಪ್ಪ ಎಲ್ಲಿ ಎಂದು ಕೇಳಲು.

"ಚಿಕ್ಕಪ್ಪ ಕೆಳಗೆ ಮೇಡಂ ರೂಮಲ್ಲಿ ಸಹಿ ಹಾಕ್ತಿದಾರಂತೆ, ಅದಕ್ಕೇ ನಿನಗೆ ಮಾಡ್ದೆ" ಎಂದಳು. "ಏನೋ ಇದು, ಲೈನೆಲ್ಲ ಸತ್ತು ಬಿದ್ದಿದೆ? ಒಂದು ಅಜ್ಜಿ ಕೊಲೆಗಾರ ಯಾರು ಅಂತ ಗೊತ್ತಾಗೋ ಹೊತ್ತಿಗೆ ನಿಂತುಹೋಯ್ತು ಅಂತ ಅಳ್ತಿದಾಳೆ."

"ಹತ್ತು, ಹದಿನೈದು ನಿಮಿಷ ಅಕ್ಕಾ. ಸಣ್ಣ... ಹಿಕ್... ಸಣ್ಣ ದುರಸ್ತಿ."

"ದುರಸ್ತಿ ನಿನ್ನ ಗಂಟಲಿಗೆ ಬೇಕು. ಯಾರೋ ನೆನೆಸ್ಕೋತಿದಾರೆ ನಿನ್ನ, ಚೆನ್ನಾಗೇ ನೆನೆಸ್ಕೋತಿದಾರೆ. ನಾನೇನು ಹೇಳ್ಲಿ ಇವರಿಗೆ?"

"ಏನಾದ್ರೂ ಹೇಳು."

ಗೋಡೆಯಾಚೆಯಿಂದ ಅವಳ ದೊಡ್ಡ ಗಂಟಲು ಕೇಳಿಸಿತು: "ಅಜ್ಜೀ, ಓದೋರು ನೀರು ಕುಡಿಯೋಕೆ ಹೋಗಿದಾರೆ. ಹೂಂ, ಎಲ್ಲಾರೂ. ಒಟ್ಟಿಗೇ. ಬಾಯಾರಲ್ವಾ ಅವರಿಗೂ?" ಅವನಿಗೆ ಮತ್ತೆ ನಗು ಉಕ್ಕಿತು. ಇನ್ನೂರು ಜನ, ಅರ್ಧಕ್ಕರ್ಧ ಸತ್ತವರು, ಕೊಟ್ಟಿಗೆಯ ಕಾರಿಡಾರಿನಲ್ಲಿ ಲೋಟ ಹಿಡಿದು ಸಾಲಾಗಿ ನಿಂತಿದ್ದನ್ನು ಅವನು ಕಂಡ.

ಅಚ್ಚು ಇದೆ, ಉಗ್ರಾಣ ಇದೆ, ಇನ್ನೇನು. ಅವನು ಅಚ್ಚನ್ನು ಕಳಿಸಿ, ಖಾಲಿ ಜಾಗದಲ್ಲಿ ಅಸಲಿ ಎಂದು ತುಂಬಿ, ಕುರ್ಚಿಯ ಅಂಚಿಗೆ ಕೂತ. ಸಂಸಾರ ಏಳತೊಡಗಿತು. ಜಾಲ ಬಂತು, ಬಾಗಿಲು ಬಂತು, ಕಾವಲು ಬಂತು. ಒಂದೊಂದು ಹಸಿರು ಸಾಲಿಗೂ ಅವನ ಹಿಮ್ಮಡಿ ನೆಲವನ್ನು ತಟ್ಟಿತು. ಆರನೆಯ ನಿಮಿಷಕ್ಕೆ ಒಂದು ಸಾಲು ಕೆಂಪಾಯಿತು. ಉಗ್ರಾಣವನ್ನು ಕಟ್ಟಲಾಗಲಿಲ್ಲ, ಈ ಹೆಸರಿನ ಉಗ್ರಾಣ ಈಗಾಗಲೇ ಇದೆ. ಒಬ್ಬ ಎಡವಿದರೆ ಆ ಮೇಸ್ತ್ರಿ ಅರ್ಧ ಮನೆಯನ್ನು ನಿಲ್ಲಿಸಿಕೊಂಡು ಕೂರುವುದಿಲ್ಲ. ಅಷ್ಟು ಹೊತ್ತು ಬಂದು ನಿಂತವರೆಲ್ಲ, ಬಂದ ದಾರಿಗೆ ಸುಂಕವಿಲ್ಲ ಎಂದು, ಬಂದ ಸಾಲಿನಲ್ಲೇ ಹಿಮ್ಮುಖವಾಗಿ ಹೊರಟುಹೋದರು. ಪರದೆ ಬೋಳಾಯಿತು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಕಪ್ಪು ಪರದೆಯಲ್ಲಿ ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಗೋಡೆಯಾಚೆ ಅಕ್ಕ, "ಇಲ್ಲ ಸ್ವಾಮಿ, ನೀರು ಬಿಸಿ ಇತ್ತಂತೆ, ಆರಿಸ್ಕೊಂಡು ಕುಡೀತಿದಾರೆ" ಎನ್ನುತ್ತಿದ್ದಳು.

ಕೆಳಗೆ ಓಡಿ ಚಿಕ್ಕಪ್ಪನನ್ನು ಕೇಳಬಹುದಿತ್ತು. ಹೋಗಲಿಲ್ಲ. ಅಚ್ಚನ್ನು ತೆರೆದು ಮೊದಲಿನಿಂದ ಓದತೊಡಗಿದ. ಎಷ್ಟೋ ದಿನಗಳ ಮೇಲೆ ತಿದ್ದುವುದಕ್ಕಲ್ಲದೆ ಓದಲೆಂದೇ ಓದುತ್ತಿದ್ದ, ಒಂದೊಂದು ಟಿಪ್ಪಣಿಯಲ್ಲೂ ಕನ್ನಡಕ ಒರೆಸುವ ಆ ಮನುಷ್ಯ ಕೂತಿದ್ದ. ಇಲ್ಲಿ ಆತುರ ಬೇಡ, ಯಂತ್ರ ಏಳಲು ಎರಡು ನಿಮಿಷ ಬೇಕು. ಈ ಬಾಗಿಲು ತೆರೆದಿಡಬೇಡಿ, ನನಗೆ ಒಮ್ಮೆ ಪಾಠವಾಗಿದೆ. ಮೇಲಿನ ಖಾಲಿ ಜಾಗಗಳ ಪಟ್ಟಿಯಲ್ಲಿ, ಅವನು ಪ್ರತಿ ಸಲವೂ ಹಾರಿಸಿ ಮುಂದೆ ಹೋಗುತ್ತಿದ್ದ ಒಂದು: ಉಗ್ರಾಣ ಮೊದಲೇ ಇದೆಯೇ? ಹೌದು ಅಥವಾ ಇಲ್ಲ. ಏನೂ ತುಂಬದಿದ್ದರೆ ಇಲ್ಲ. ಇದೇನು ಪ್ರಶ್ನೆ ಎಂದು ಹನ್ನೊಂದು ವರ್ಷ ಅಂದುಕೊಂಡಿದ್ದ. ಮನೆಯೇ ಇಲ್ಲದವನಿಗೆ ಉಗ್ರಾಣ ಎಲ್ಲಿಂದ ಬರಬೇಕು ಎಂದು. ಈಗ 'ಹೌದು' ಎಂದು ಬರೆದ. ಎಂಟು ನಿಮಿಷ. ಜಾಲ, ಬಾಗಿಲು, ಕಾವಲು, ಯಂತ್ರ, ಯಂತ್ರ, ಯಂತ್ರ, ಯಂತ್ರ. ಹಳೆಯ ಉಗ್ರಾಣದ ಬೀಗಕ್ಕೆ ಹೊಸ ಮನೆಯ ಕೀಲಿ ಹೊಂದಿತು. ಕೊನೆಗೆ, ಕಟ್ಟಿದ್ದು ಮುಗಿಯಿತೆಂದು ಮೇಸ್ತ್ರಿ ಮನೆಯ ವಿಳಾಸವನ್ನು ಬರೆದು ಕೈಗಿಟ್ಟಿತು. ಎಲ್ಲಾ ಹಸಿರು. ಅವನು ಎದ್ದು, ಬಾಗಿಲು ಮುಚ್ಚಿದೆಯೆಂದು ನೋಡಿಕೊಂಡು, ಕೋಣೆಯ ನಡುವೆ ಕುಣಿದ. ನಲವತ್ತೊಂದು ವರ್ಷದ, ತಂಗಿಯ ಮದುವೆಯಲ್ಲೂ ಮೂಲೆ ಹಿಡಿದು ನಿಂತಿದ್ದ ಮನುಷ್ಯ, ಬಿಕ್ಕುತ್ತ, ಒಂದು ಕಾಲಿನ ಮೇಲೆ, ಸದ್ದಿಲ್ಲದೆ. ಅಕ್ಕ ಗೋಡೆ ತಟ್ಟಿದಳು. "ನೀರು ಕುಡಿದು ಬಂದ್ರು! ಅದ್ಸರಿ, ಯಾಕೋ ಕುಣೀತಿದೀಯ?"

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವನು ಭಾಷಣದ ಕಾಗದ ಮಡಚಿ ಜೇಬಿಗಿಟ್ಟು ಬಾಗಿಲು ತೆರೆದರೆ ಅಕ್ಕ ಹೊರಗೇ ನಿಂತಿದ್ದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ದಿನಾ ಕತೆ ಕೇಳೋ ಜಡ್ಜ್ ತಾತ ಮೂರು ಸಲ ಫೋನ್ ಮಾಡಿದ್ರು. ಮೂರು ಸಲವೂ ಮಧ್ಯದಲ್ಲೇ ಲೈನ್ ಕಟ್ ಆಗ್ತಿದೆಯಂತೆ. ಅವರಿಗೆ ಬೆರಳು ನಡುಗತ್ತೆ, ಎರಡನೇ ಗುಂಡಿ ಹುಡುಕೋಕೆ ಹೊತ್ತು ಬೇಕು. ಚಿಕ್ಕಪ್ಪ ಅದನ್ನ ಸರಿ ಮಾಡಿಟ್ಟಿದ್ರಲ್ಲ? ಈಗ್ಯಾಕೆ ಹಳೇ ಥರ ಆಯ್ತು?"

"ಏನು ಸರಿ ಮಾಡಿದ್ರು?"

"ನನಗೇನು ಗೊತ್ತು, ಯಂತ್ರದೊಳಗೆ ಕೈ ಹಾಕಿ ಏನೋ ಹೆಚ್ಚು ಮಾಡಿದ್ರು. ಹೋದ ವರ್ಷ. ನೀನು ರಜದಲ್ಲಿದ್ದೆ."

ಅವನಿಗೆ ತಕ್ಷಣ ತಿಳಿಯಿತು. ಗುಂಡಿ ಒತ್ತಲು ಕೇಳುಗನಿಗೆ ಕೊಡುವ ಸಮಯ ಅಚ್ಚಿನಲ್ಲಿ ಹತ್ತು ಸೆಕೆಂಡು ಎಂದಿದೆ. ಚಿಕ್ಕಪ್ಪ ಅಚ್ಚನ್ನು ಮುಟ್ಟದೆ, ಎದ್ದು ನಿಂತ ಯಂತ್ರದಲ್ಲೇ ಕೈಯಾರೆ ಬದಲಾಯಿಸಿದ್ದಾರೆ. ಎಲ್ಲರೂ ಕಳ್ಳತನದಲ್ಲಿ ಮಾಡುವ, ಯಾರೂ ಒಪ್ಪಿಕೊಳ್ಳದ ತಪ್ಪು ಅದು. ಬರೆದದ್ದೊಂದು, ಇರುವುದೊಂದು ಆಗಿ, ಮನೆ ಮೆಲ್ಲಗೆ ತನ್ನ ನಕ್ಷೆಯಿಂದ ಜಾರುತ್ತದೆ. ಎಷ್ಟು ಜಾರಿದೆಯೆಂದು ಅಳೆದು ತೋರಿಸುವ ಗುಂಡಿಯೊಂದಿದೆ. ಒತ್ತಿದರೆ ಎರಡೇ ನಿಮಿಷ. ಎಲ್ಲಾ ಅಚ್ಚಿನಲ್ಲಿದೆ ಎಂದು ಮೇಡಂಗೆ ಹೇಳುವ ಮೊದಲು ಅವನು ಅದನ್ನು ಒತ್ತಿರಲಿಲ್ಲ. ಕಾರಿಡಾರಿನ ಬೆಳಕು, ಮೇಡಂ ಕೈಯಲ್ಲಿದ್ದ ನೀಲಿ ಫೈಲು, ತನ್ನ ಹಗುರವಾದ ದನಿ, ಎಲ್ಲವೂ ಒಂದು ಬಿಕ್ಕಳಿಕೆಯಲ್ಲಿ ಮೇಲೆ ಬಂದು ಕೆಳಗೆ ಹೋದವು.

ಸಭೆಯ ಕೋಣೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಸರಿಸಿದ್ದರು. ಮೇಜಿನ ಮೇಲೆ ಕೇಕು, ಕಾಗದದ ಲೋಟಗಳು, ಬಣ್ಣದ ಕಾಗದದಲ್ಲಿ ಸುತ್ತಿದ ಗಡಿಯಾರ; ಸುತ್ತಿದ್ದರೂ ಗಡಿಯಾರವೆಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತಿದ್ದರು. ಮೇಡಂ ಮಾತಾಡಿದರು: "ಇವರು ಒಂದೊಂದನ್ನೂ ಅಚ್ಚಿನಲ್ಲಿ ಬರೆದಿಟ್ಟು ಹೋಗ್ತಿದಾರೆ, ಅದಕ್ಕೇ ನಾವು ನಿಶ್ಚಿಂತೆಯಾಗಿ ಕಳಿಸಿಕೊಡ್ತಿದೀವಿ." ಹೇಳುತ್ತ ಅವನ ಕಡೆ ತಿರುಗಿ ನಸುನಕ್ಕರು. ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ಹೆಗಲಿಗೆ ಹೋಗುವುದರಲ್ಲಿತ್ತು, ಅಷ್ಟರಲ್ಲಿ ಅವನ ಸರದಿ ಬಂತು. "ಚಿಕ್ಕಪ್ಪ ನಮ್ಮೆಲ್ಲರ ದಾರಿ... ಹಿಕ್... ದಾರಿದೀಪವಾಗಿ... ಹಿಕ್." ಯಾರೋ ನೀರು ಕೊಟ್ಟರು. "ಅಳ್ತಿದಾನೆ ಪಾಪ" ಎಂದು ಒಬ್ಬರೆಂದರು. "ಅಳೋದಲ್ಲ, ಬೆಳಿಗ್ಗೆಯಿಂದ ಹಿಂಗೇ" ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. ಕೋಣೆ ನಕ್ಕಿತು, ಚಿಕ್ಕಪ್ಪ ನಕ್ಕರು, ಅವನೂ ನಕ್ಕ. ಎಷ್ಟು ನಕ್ಕನೆಂದರೆ ಕಣ್ಣಲ್ಲಿ ನೀರು ಬಂತು, ಆ ನೀರನ್ನು ಎಲ್ಲರೂ ಭಾಷಣದ ಉಳಿದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆ ಅವನಿಗೆ ಹುಟ್ಟಿದಂದಿನಿಂದ ಬಿದ್ದಿರಲಿಲ್ಲ.

ಕೇಕಿನ ತಟ್ಟೆ ಹಿಡಿದು ಚಿಕ್ಕಪ್ಪನ ಪಕ್ಕಕ್ಕೆ ಹೋಗಿ ನಿಂತ. ಅವರು ತಟ್ಟೆಯನ್ನು ನೋಡುತ್ತಲೇ, ತುಟಿ ಅಲ್ಲಾಡಿಸದೆ, "ಎಷ್ಟು ನಿಮಿಷ ಹಿಡೀತು?" ಎಂದರು.

ಬಿಕ್ಕಳಿಕೆ ಅಲ್ಲಿಗೇ ನಿಂತಿತು.

ಚಿಕ್ಕಪ್ಪ ಅಂಗಿಯ ಜೇಬಿನಿಂದ ಫೋನು ಅರ್ಧ ಎಳೆದು ತೋರಿಸಿದರು. ಸಂಸಾರ ಎದ್ದಾಗ, ಬಿದ್ದಾಗ ಸುದ್ದಿ ಕಳಿಸುವ ಪಟ್ಟಿಯಲ್ಲಿ ಅವರ ಹೆಸರನ್ನು ಯಾರೂ ತೆಗೆದಿರಲಿಲ್ಲ. "ಮೇಡಂ ಎದುರು ಸಹಿ ಹಾಕ್ತಿದೀನಿ, ಜೇಬಿನೊಳಗೆ ಕಪ್ಪೆ ಬಿಟ್ಟಂಗೆ ಗುರ್ ಗುರ್ ಅಂತ. ಅರವತ್ತು ಸಲ. 'ಯಾರ್ರೀ ಅದು ಅಷ್ಟೊಂದು' ಅಂದ್ರು. 'ನೆಂಟರು, ಶುಭಾಶಯ ಹೇಳ್ತಿದಾರೆ' ಅಂದೆ."

"ಹದಿನಾಲ್ಕು" ಎಂದ ಅವನು. "ಆರು ದಂಡ, ಎಂಟು ಸರಿ."

"ಮೊದಲ್ನೇ ಸಲಕ್ಕೆ ಪರವಾಗಿಲ್ಲ. ನನಗೆ ಎರಡು ದಿನ ಹಿಡಿದಿತ್ತು. ಆಗ ಉಗ್ರಾಣನೂ ಹೋಗಿತ್ತು, ಅರ್ಧ." ಅವರು ಕೇಕಿನ ಮೇಲಿನ ಬಿಳಿಯನ್ನು ಚಮಚದಿಂದ ಸರಿಸಿದರು. ಹನ್ನೊಂದು ವರ್ಷದಲ್ಲಿ ಆ ಅರ್ಧದ ಬಗ್ಗೆ ಈ ಕಟ್ಟಡದಲ್ಲಿ ಯಾರೂ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

"ಆ ಸಾಲು ತೆಗೀತೀನಿ ಅಂದಿದ್ರಲ್ಲ ಚಿಕ್ಕಪ್ಪಾ."

"ಅಂದೆ. ಆವತ್ತು ನಿನಗೆ ಅಷ್ಟು ಸಮಾಧಾನ ಬೇಕಾಗಿತ್ತು, ಕೊಟ್ಟೆ. ಸಾಲು ಅದರ ಪಾಡಿಗೆ ಅದಿತ್ತು."

"ಗುಂಡಿದು... ಜಡ್ಜ್ ತಾತಂದು..."

"ನಲವತ್ತು ಸೆಕೆಂಡು." ಅವರು ಚಮಚ ಕೆಳಗಿಟ್ಟರು. "ಅವರ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಎಣಿಸಿದೀನಿ. ಮೂವತ್ತೆಂಟಕ್ಕೆ ಸಿಗತ್ತೆ ಅವರಿಗೆ. ಅಚ್ಚಿನಲ್ಲಿ ಬರೀಬೇಕಿತ್ತು, ಬರೀಲಿಲ್ಲ. ಒಪ್ಪಿಗೆಗೆ ನಿನ್ನ ಹತ್ರ ಬರ್ಬೇಕಲ್ಲ, ಯಾಕೆ ಅಂತ ನಾಲ್ಕು ಜನರ ಮುಂದೆ ಕೇಳ್ತೀಯ ಅಂತ ಸುಮ್ನಾದೆ. ನಂದೇ ತಪ್ಪು. ನೀನು ಬರಿ."

ಅವನು ತಲೆಯಾಡಿಸಿದ. ಬರೆಯುತ್ತೇನೆ, ಈಗಲೇ, ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆಯುತ್ತೇನೆ, ತಾತನ ಬೆರಳಿಗೆ ಇಷ್ಟು ಬೇಕು ಎಂದು. ಎದೆಯೊಳಗೆ ಏನೋ ಗಾಳಿ ತುಂಬಿದ ಹಾಗೆ, ಮೂರನೆಯ ಮಹಡಿಯ ಕಿಟಕಿಯಿಂದ ಹಾಗೇ ತೇಲಿಹೋಗಬಹುದೆಂಬಷ್ಟು ಹಗುರವಾಗಿತ್ತು. ಗಡಿಯಾರದ ಕಾಗದವನ್ನು ಅಕ್ಕ ಬಿಚ್ಚುತ್ತಿದ್ದಳು. "ಅರ್ಧ ಗಂಟೆ ಈಗ ಹೊಡೀತು, ಒಂದು ನಿಮಿಷ ಹಿಂದಿದೆ ಇದು, ಕೇಳಿ ಬೇಕಾದ್ರೆ" ಎನ್ನುತ್ತಿದ್ದಳು, ಮೇಡಂ ತಮ್ಮ ಕೈಗಡಿಯಾರ ನೋಡಿಕೊಂಡು ಹೌದೆನ್ನುತ್ತಿದ್ದರು. ಚಿಕ್ಕಪ್ಪ ಆ ಕಡೆ ನೋಡಿ ನಗುತ್ತ ಅಂದರು:

"ಇನ್ನೊಂದು ವರ್ಷ ಇರ್ತೀನಿ ಅಂತ ಅರ್ಜಿ ಕೊಟ್ಟಿದ್ದೆ, ಗೊತ್ತಾ ನಿನಗೆ? ಕೈಯಲ್ಲಿ ಮಾಡಿಟ್ಟ ಇಂಥವು ಇನ್ನೂ ಹತ್ತಾರಿವೆ, ಎಲ್ಲಾ ಅಚ್ಚಿಗೆ ಬರೆದು ಹೋಗೋಣ ಅಂತಿತ್ತು. ಮೇಡಂಗೆ ಏನನ್ನಿಸ್ತೋ ಏನೋ, ಬೇಡ ಅಂದ್ಬಿಟ್ರು."

"ಏನನ್ನಿಸ್ತೋ" ಎಂದ ಅವನು.

ಆಮೇಲೆ ಅವನು ತನ್ನ ಕೋಣೆಗೆ ಹೋಗಿ ನಲವತ್ತು ಎಂದು ಬರೆದ, ಟಿಪ್ಪಣಿ ಬರೆದ, ಅಚ್ಚು ಕಳಿಸಿದ. ಏನೇನು ಬದಲಾಗಲಿದೆಯೆಂದು ಮೇಸ್ತ್ರಿ ಮೊದಲೇ ಪಟ್ಟಿ ಮಾಡಿ ತೋರಿಸಿತು, ಒಂದೇ ಒಂದು ಸಾಲು; ಅವನು ಮೂರು ಸಲ ಓದಿ ಒಪ್ಪಿದ. ಗೋಡೆಯಾಚೆ ಅಕ್ಕ ಜಡ್ಜ್ ತಾತನ ಜೊತೆ ಸೇರಿ ಗಟ್ಟಿಯಾಗಿ ಎಣಿಸುತ್ತಿದ್ದಳು, ಮೂವತ್ತಾರು, ಮೂವತ್ತೇಳು, ಮೂವತ್ತೆಂಟು, ಸಿಕ್ತು ಎಂದು ಇಬ್ಬರೂ ಕೂಗಿಕೊಂಡರು. ಆ ಕೂಗಿಗೆ ಅವನೂ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟ. ಕಿಟಕಿಯ ಕೆಳಗೆ ಚಿಕ್ಕಪ್ಪ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟುತ್ತಿದ್ದರು. ದಾಟಿ, ತಿರುಗಿ, ಮೇಲೆ ನೋಡಿ ಕೈಬೀಸಿದರು. ಅವನೂ ಬೀಸಿದ. ಬೇಡ ಎಂದದ್ದು ಮೇಡಂ ಅಲ್ಲ, ತಾನು ಎಂದು ಅವನು ಅವರಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೆ ಆ ಹತ್ತಾರು ಬದಲಾವಣೆಗಳನ್ನು ಕೇಳಿ ಬರೆದುಕೊಳ್ಳಲು ಅವರ ಮನೆಗೆ ಹೋದ ಯಾವ ದಿನವೂ ಹೇಳಲಿಲ್ಲ.